ಒಳಮೈಗೆ ತಾಗಿದ ಸಾಣೆ

ಮೊನ್ನೆ ಆಷಾಢದ ಒಂದು ಭಾನುವಾರ ಹೆಂಡತಿ ಮಕ್ಕಳನ್ನು ಕರೆದುಕೊಂಡು ಚಂದ್ರವಳ್ಳಿಗೆ ಹೋಗಿದ್ದೆ. ಮಳೆ ಅನ್ನಲಾಗದಷ್ಟು ಸಣ್ಣ ಹನಿ. ಮಕ್ಕಳು ಗುಹೆಯೊಳಗೆ ಕೂಗಿ ತಮ್ಮ ದನಿ ತಿರುಗಿ ಬರುವುದನ್ನು ಕೇಳುತ್ತಿದ್ದರು. ನಾನು ಕೆರೆಯ ಕಡೆ ಮುಖ ಮಾಡಿ ಬಂಡೆಯ ಮೇಲೆ ಕೂತಿದ್ದೆ. ಅಷ್ಟರಲ್ಲಿ ಯಾರದೋ ಕುರಿ ಮಂದೆ ನೆನೆದುಕೊಂಡು ನಮ್ಮ ಮುಂದೆಯೇ ಹಾದು ಹೋಯಿತು. ಹಸಿ ಮಣ್ಣು, ಹಾಲು, ಬೆವರು ಎಲ್ಲ ಕಲೆತಂತಹ ಒದ್ದೆ ಉಣ್ಣೆಯ ವಾಸನೆ. ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಮಾತ್ರ ಎಳೆದೆಳೆದು ಉಸಿರಾಡುತ್ತಿದ್ದೆ. "ಏನಾಯ್ತು ನಿಮಗೆ?" ಅಂದಳು. ಏನಿಲ್ಲ ಅಂದೆ. ಹನ್ನೆರಡು ವರ್ಷದ ಹಿಂದಿನ ಒಂದು ವರ್ಷ ಎದುರಿಗೆ ಬಂದು ನಿಂತಿತ್ತು. ಬಂಡೆಯ ಮೇಲೆ ಕೂತು ಅಷ್ಟನ್ನೂ ಹೇಳಿ ಮುಗಿಸುವುದು ಆಗದ ಮಾತು, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಸಾಣೆ ಹಿಡಿಯುವ ಮನೆತನ. ಚಿತ್ರದುರ್ಗದ ಕೋಟೆಯ ಕೆಳಗಿನ ಓಣಿಯಲ್ಲಿ ನಮ್ಮ ಮುತ್ತಜ್ಜನ ಮುತ್ತಜ್ಜ ಪಾಳೆಗಾರರ ಕತ್ತಿಗೆ ಸಾಣೆ ಹಿಡಿಯುತ್ತಿದ್ದ ಅಂತ ಅಬ್ಬಾ ಹೇಳುತ್ತಿದ್ದರು. ಅದು ನಿಜವೋ ನಮ್ಮ ಬಡಾಯಿಯೋ ಗೊತ್ತಿಲ್ಲ. ನಾನು ಕಂಡದ್ದೆಲ್ಲ ಕುಡುಗೋಲು, ಈಳಿಗೆಮಣೆ, ದರ್ಜಿಯವರ ಕತ್ತರಿ. ಈಗ ಅಂಗಡಿ ಹಾಕಿದ ಮೇಲೆ ಮಿಕ್ಸಿ ಬ್ಲೇಡು. ಆಗ ನಮ್ಮ ಅಂಗಡಿ ಅಂದರೆ ಸೈಕಲ್ಲೇ. ಸ್ಟ್ಯಾಂಡ್ ಹಾಕಿ ಪೆಡಲ್ ತುಳಿದರೆ ಮುಂದೆ ಕಟ್ಟಿದ ಕಲ್ಲು ತಿರುಗುತ್ತಿತ್ತು. ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು, ಎಲ್ಲ ಕಡೆಗೂ ಅದೇ ಸೈಕಲ್ಲು.

ವರ್ಷಕ್ಕೆ ಎರಡು ಸಲ, ಸಂಕ್ರಾಂತಿ ದಾಟಿದ ಮೇಲೊಮ್ಮೆ ಆಷಾಢದಲ್ಲೊಮ್ಮೆ, ಕುರಿಯವರು ಉಣ್ಣೆ ತೆಗೆಯುತ್ತಾರೆ. ಆಗ ಅವರ ಕತ್ತರಿಗಳಿಗೆ ಸಾಣೆ ಬೇಕು. ತಾಳ್ಯದ ಆಚೆಯ ಒಂದು ಹಟ್ಟಿಗೆ ನಮ್ಮ ತಾತನ ಕಾಲದಿಂದಲೂ ನಾವೇ ಹೋಗುವುದು. ಬೇರೆಯವರ ಕೈಗೆ ಅವರು ಕತ್ತರಿ ಕೊಡುತ್ತಿರಲಿಲ್ಲ. ಆ ವರ್ಷ ಅಬ್ಬಾಗೆ ಕಲ್ಲಿನ ಧೂಳಿನಿಂದ ಉಸಿರು ಕಟ್ಟತೊಡಗಿತ್ತು. ಹಾಗಾಗಿ ಇಪ್ಪತ್ತಮೂರು ವರ್ಷದ ನಾನು ಮೊದಲ ಸಲ ಒಬ್ಬನೇ ಹೊರಟೆ. ಹೊರಡುವಾಗ ಅಬ್ಬಾ ಹೇಳಿದ್ದು ಒಂದೇ ಮಾತು. ಮನೆಯಲ್ಲಿ ನಾವು ಆಡುವುದು ಉರ್ದು, ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ: "ಕುರಿ ಕತ್ತರಿಗೆ ಹೊರಮೈಗೆ ಮಾತ್ರ ಕಲ್ಲು ತಾಗಿಸು. ಒಳಮೈ ಮುಟ್ಟಬೇಡ."

ಕತ್ತರಿಯ ಎರಡು ಅಲಗುಗಳು ಒಂದನ್ನೊಂದು ಉಜ್ಜಿಕೊಂಡು ಹೋದರಷ್ಟೇ ಉಣ್ಣೆ ಕತ್ತರಿಸುತ್ತದೆ. ಒಳಮೈಗೆ ಕಲ್ಲು ತಾಗಿ ಎಳ್ಳಷ್ಟು ಸವೆದರೂ ನಡುವೆ ಸಂದಿ ಬೀಳುತ್ತದೆ. ಆಮೇಲೆ ಅದು ಉಣ್ಣೆಯನ್ನು ಕತ್ತರಿಸುವುದಿಲ್ಲ, ಮಡಚಿಕೊಂಡು ಕಚ್ಚುತ್ತದೆ. ಉಣ್ಣೆಯ ಜೊತೆ ಚರ್ಮವನ್ನೂ ಎಳೆದುಕೊಳ್ಳುತ್ತದೆ. ನನಗೆ ಇದೆಲ್ಲ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದ ತಪ್ಪಾಗಿದ್ದರೆ ಇಷ್ಟು ಬರೆಯುವುದು ಇರಲಿಲ್ಲ.

ಸಂಕ್ರಾಂತಿ ಕಳೆದ ಮೇಲಿನ ಆ ಬೆಳಗು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಹಿಂದಿನ ದಿನವೇ ಕುರಿಗಳನ್ನೆಲ್ಲ ಹಳ್ಳದಲ್ಲಿ ಈಜಾಡಿಸಿ ತೊಳೆದಿದ್ದರು. ಅವು ಅರ್ಧ ಒಣಗಿ ಅರ್ಧ ಒದ್ದೆಯಾಗಿ ಬೇವಿನ ಮರಗಳ ಕೆಳಗೆ ನಿಂತಿದ್ದವು. ಗುಡ್ಡದ ಮೇಲಿನ ಗಾಳಿ ಫ್ಯಾನುಗಳ ಕಂಬ ಮಂಜಿನಲ್ಲಿ ಮುಚ್ಚಿಹೋಗಿ ರೆಕ್ಕೆ ಮಾತ್ರ ಕಾಣುತ್ತಿತ್ತು. ಒಂದು ರೆಕ್ಕೆ ಮೇಲೆ ಬರುತ್ತದೆ, ಮುಳುಗುತ್ತದೆ, ಇನ್ನೊಂದು ಬರುತ್ತದೆ. ನೋಡುತ್ತಾ ಕೂತರೆ ನಿದ್ದೆಯೋ ಎಚ್ಚರವೋ ತಿಳಿಯುತ್ತಿರಲಿಲ್ಲ. ಅದರ ಮೇಲೆ ಮೈಲಾರಜ್ಜನ ಕಥೆ ಬೇರೆ.

ಮೈಲಾರಜ್ಜ ಆ ಹಟ್ಟಿಯ ಹಿರಿಯ ಕತ್ತರಿಗಾರ. ಎಪ್ಪತ್ತು ದಾಟಿತ್ತು. ಕುರಿಯನ್ನು ಮಲಗಿಸಿ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕಿವಿಯ ಹತ್ತಿರ ಬಾಯಿ ತಂದು ಕಥೆ ಶುರು ಮಾಡುತ್ತಿದ್ದ. ಕುರಿ ಕೊಸರಾಡಬಾರದು ಅಂತ ಹಾಗೆ ಮಾಡುತ್ತಿದ್ದನಂತೆ. ಒಂದು ಕುರಿಗೆ ಒಂದು ಕಥೆ, ಉಣ್ಣೆ ಮುಗಿದರೆ ಕಥೆಯೂ ಮುಗಿಯಿತು. ಕುರಿಗಿಂತ ಹೆಚ್ಚಾಗಿ ಸುತ್ತ ಕೂತವರೇ ಮೈಮರೆಯುತ್ತಿದ್ದರು. ನಾನಂತೂ ಪೆಡಲ್ ತುಳಿಯುವುದು ಒಂದು ಬಿಟ್ಟು ಉಳಿದದ್ದನ್ನೆಲ್ಲ ಮರೆತಿದ್ದೆ.

"ಅಣ್ಣ ತಮ್ಮ ಇಬ್ರಿದ್ರು," ಅಂತ ಒಂದು ಕರಿ ಕುರಿಯ ಕಿವಿಯಲ್ಲಿ ಹೇಳುತ್ತಿದ್ದ ಅಜ್ಜ. "ಮಂದೆ ಬ್ಯಾರೆ, ಹಟ್ಟಿ ಒಂದೇ. ದಿನಾ ಬೈಗಿಗೆ ಒಟ್ಗೇ ಕುಂತು ಉಣ್ಣೋರು. ಒಂದಿನ ತಮ್ಮನ ಮಂದೇಲಿ ಬೆಳ್ಳನೆ ಮರಿ ಹುಟ್ತು. ಅಣ್ಣಂಗೆ ಆಸೆ ಆತು. ಯಾರೂ ನೋಡ್ದಂಗೆ ಅದರ ಕಿವೀಗೆ ತನ್ನ ಗುರುತು ಕುಯ್ದು ತನ್ನ ಮಂದೇಗೆ ಬಿಟ್ಕಂಡ. ತಮ್ಮ ಕೇಳ್ಲಿಲ್ಲ, ಅಣ್ಣ ಹೇಳ್ಲಿಲ್ಲ. ಅವತ್ತು ಬೈಗಿಗೆ ಅಣ್ಣ, ಹೊಟ್ಟೆ ಸರಿ ಇಲ್ಲ ಅಂತ ಊಟಕ್ಕೆ ಬರ್ಲಿಲ್ಲ. ಮಾರನೇ ದಿನಾನೂ ಬರ್ಲಿಲ್ಲ. ಹಂಗೇ ಇಬ್ರಿಗೂ ತಲೆ ನೆರೀತು. ಕೊನೀಗೊಂದಿನ ಅಣ್ಣ ಆ ಮರಿಯ ಮರಿ ಮಕ್ಕಳನ್ನೆಲ್ಲ ಹೊಡ್ಕಂಬಂದು, ತಗಳಪ್ಪ ನಿನ್ನ ಕುರಿ, ಅಂದ. ತಮ್ಮ ಏನಂದ ಗೊತ್ತಾ? ಕುರಿ ಹುಟ್ತವೆ, ಸಾಯ್ತವೆ. ಇಷ್ಟು ವರ್ಷ ನಾನೊಬ್ನೇ ಕುಂತು ಉಂಡೆನಲ್ಲ, ಅದಕ್ಕೇನ್ ಹೇಳ್ತೀಯ, ಅಂದ."

ಕೊನೆಯ ಉಣ್ಣೆಯ ಎಳೆ ಕೆಳಗೆ ಬಿತ್ತು. ಕುರಿ ಎದ್ದು ಬೆತ್ತಲಾದ ನಾಚಿಕೆಯಿಂದ ಓಡಿಹೋಯಿತು. "ಅಣ್ಣ ಏನ್ ಹೇಳ್ದ ಅಜ್ಜ?" ಅಂತ ಯಾರೋ ಕೇಳಿದರು.

"ನಂಗೇನ್ ಗೊತ್ತು? ನೀವಾಗಿದ್ರೆ ಏನ್ ಹೇಳ್ತಿದ್ರಿ?" ಅಂದ ಅಜ್ಜ, ಸುತ್ತ ನೋಡಿ ನನ್ನ ಮೇಲೆ ಕಣ್ಣು ನಿಲ್ಲಿಸಿದ. "ಏನಪ್ಪ ಬಾಷಾ, ಪ್ಯಾಟೆ ಸಾಬ್ರು ನೀವು, ಓದ್ದೋರು. ಏನ್ ಹೇಳ್ತಿದ್ದೆ?"

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ತಲೆಯೆತ್ತಿದೆ. ಕಾಲು ಪೆಡಲ್ ತುಳಿಯುತ್ತಲೇ ಇತ್ತು, ಕೈಯಲ್ಲಿದ್ದ ಅಲಗು ಮಗುಚಿತು. ಕಲ್ಲಿನ ಸದ್ದು ಬೇರೆಯಾಯಿತು. ಅದು ನನಗೆ ಕೇಳಿಸಿತು, ಚೆನ್ನಾಗಿಯೇ ಕೇಳಿಸಿತು. ಆದರೆ ಅಷ್ಟು ಜನ ನೋಡುತ್ತಿರುವಾಗ ಕತ್ತರಿ ಎತ್ತಿ ಪರೀಕ್ಷೆ ಮಾಡಿದರೆ ಮೊದಲ ದಿನವೇ ಕೈ ತಪ್ಪಿತು ಅಂದುಕೊಳ್ಳುತ್ತಾರೆ. "ಹೊಟ್ಟೆ ಈಗ ಸರಿ ಹೋಗೈತೆ, ಉಣ್ಣಾಣ ಬಾ, ಅಂತಿದ್ದೆ" ಅಂದೆ. ಎಲ್ಲರೂ ನಕ್ಕರು. ನಗುತ್ತಾ ಕತ್ತರಿಯನ್ನು ಒರೆಸಿ ಪಕ್ಕಕ್ಕಿಟ್ಟೆ.

ಅದೇ ಕತ್ತರಿ ದೇವರ ಟಗರಿಗೆ ಹೋಯಿತು. ದೇವರಿಗೆ ಬಿಟ್ಟ ಟಗರಿನ ಉಣ್ಣೆಯನ್ನು ಹಿರಿಯ ಕತ್ತರಿಗಾರನೇ ತೆಗೆಯಬೇಕು, ಒಂದು ಹನಿ ನೆತ್ತರು ಬೀಳಬಾರದು. ಬಿದ್ದರೆ ಅವನು ಕತ್ತರಿ ಕೆಳಗಿಡಬೇಕು, ಮತ್ತೆ ಯಾವ ಕುರಿಗೂ ಕತ್ತರಿ ಹಚ್ಚುವಂತಿಲ್ಲ. ಇದು ಆ ಹಟ್ಟಿಯವರು ತಮಗೆ ತಾವೇ ಮಾಡಿಕೊಂಡಿದ್ದ ಕಟ್ಟು. ಅಜ್ಜ ಎಂದಿನಂತೆ ಕತ್ತರಿಯನ್ನು ಒಂದು ಉಣ್ಣೆಯ ಎಳೆಗೆ ಹಾಕಿ ನೋಡಲು ಹೋದವನು ಅರ್ಧಕ್ಕೆ ನಿಲ್ಲಿಸಿದ. "ಸಾಬ್ರ ಮನೆ ಸಾಣೆ, ನೋಡೋದೇನೈತೆ" ಅಂದು ಕೂತ. ಹಾಗಂದವನೇ ಟಗರಿನ ಕಿವಿಗೆ ಬಗ್ಗಿದ.

ನಾಲ್ಕನೆಯ ಸಲ ಕತ್ತರಿ ಹಾಕಿದಾಗ ಟಗರು ಚಂಗನೆ ನೆಗೆಯಿತು. ಭುಜದ ಹಿಂದೆ ಅಂಗೈಯಗಲ ಚರ್ಮ ಜೋತುಬಿದ್ದಿತ್ತು. ನೆತ್ತರು ಬಿಳಿ ಉಣ್ಣೆಯ ಮೇಲೆ ಹರಡುವುದನ್ನು ನೋಡುತ್ತಾ ಅಜ್ಜ ಬಾಯಿ ತೆರೆದುಕೊಂಡೇ ಕೂತಿದ್ದ. ಕಥೆಯ ಯಾವುದೋ ಪದ ಅವನ ಬಾಯಲ್ಲೇ ಉಳಿದಿತ್ತು. ಹೆಂಗಸರು ಅರಿಶಿನ, ಬೇವಿನೆಣ್ಣೆ ತಂದರು. ಟಗರು ಸಾಯಲಿಲ್ಲ, ಕೆಲವು ದಿನಕ್ಕೆ ಗಾಯ ಮಾಗಿತಂತೆ. ಅಜ್ಜ ಮಾತ್ರ ತನ್ನ ಎರಡೂ ಕೈಗಳನ್ನು ಮುಂದೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿಕೊಂಡ.

ಆ ಗಲಾಟೆಯಲ್ಲಿ ಕತ್ತರಿಯನ್ನು ಎತ್ತಿಕೊಂಡವನು ನಾನು. ಆಕಾಶಕ್ಕೆ ಹಿಡಿದು ನೋಡಿದೆ. ಎರಡು ಅಲಗಿನ ನಡುವೆ ಬೆಳಕು ಕಂಡಿತು. ಹುಣಸೆಮರದ ಹಿಂದೆ ಹೋಗಿ ತಿರುಪು ಬಿಗಿ ಮಾಡಿ, ಅಲಗನ್ನು ಸಣ್ಣ ಸುತ್ತಿಗೆಯಲ್ಲಿ ತಟ್ಟಿ ಬಾಗಿಸಿ, ಹೊರಮೈಯನ್ನು ಕೈಯಲ್ಲಿ ಹಿಡಿಯುವ ಸಣ್ಣ ಕಲ್ಲಿಗೆ ಉಜ್ಜಿದೆ. ಅಬ್ಬಾ ಕಲಿಸಿದ ವಿದ್ಯೆಯನ್ನೆಲ್ಲ ಅವತ್ತು ಸುಳ್ಳಿಗೆ ಬಳಸಿದೆ. ಮಂದೆಯ ಯಜಮಾನ ದ್ಯಾಮಣ್ಣ ಹುಡುಕಿಕೊಂಡು ಬಂದ. "ಕತ್ತರಿ ನೋಡಪ್ಪ ಬಾಷಾ, ಏನಾರ ಹೆಚ್ಚು ಕಮ್ಮಿ ಆಗೈತಾ? ಅಜ್ಜನ ಕೈ ಹಂಗ್ ತಪ್ಪೋ ಕೈಯಲ್ಲ" ಅಂದ. ನಾನು ಒಂದು ಹಿಡಿ ಉಣ್ಣೆ ತೆಗೆದುಕೊಂಡು ಅವನ ಮುಂದೆಯೇ ಕತ್ತರಿಸಿದೆ. ಸರಕ್ಕನೆ ಎರಡಾಯಿತು. ದ್ಯಾಮಣ್ಣ ನಿಟ್ಟುಸಿರು ಬಿಟ್ಟು, "ವಯಸ್ಸಾತು ಬಿಡು ಅಜ್ಜಂಗೆ" ಅಂದು ಹೊರಟುಹೋದ. ಮಧ್ಯಾಹ್ನ ಊಟಕ್ಕೆ ಕೂರಿಸಲು ಬಂದರು. ಹಸಿವಿಲ್ಲ ಅಂದು ಸೈಕಲ್ ಹತ್ತಿದೆ. ತಾಳ್ಯ ದಾಟಿದ ಮೇಲೆ ನನಗೆ ಹೊಳೆಯಿತು, ಕಥೆಯ ಅಣ್ಣನೂ ಹೀಗೇ ಊಟ ಬಿಟ್ಟಿದ್ದ ಅಂತ.

ಆಮೇಲಿನ ತಿಂಗಳುಗಳು ಒಂದು ಜೋಂಪಿನಲ್ಲಿ ಕಳೆದ ಹಾಗೆ ನೆನಪಿವೆ. ಹೊಳಲ್ಕೆರೆ ದಾರಿಯನ್ನು ಬಿಟ್ಟೆ. ಹಿರಿಯೂರಿನ ಕಡೆ ತಿರುಗಿದೆ, ಜವನಗೊಂಡನಹಳ್ಳಿಯ ಸುತ್ತಲಿನ ಊರುಗಳಲ್ಲಿ ಕುಡುಗೋಲಿಗೆ ಸಾಣೆ ಹಿಡಿದೆ. ಅಲ್ಲಿಯ ಬಿಸಿಲಿಗೆ ದೂರದ ರಸ್ತೆ ನೀರಿನ ಹಾಗೆ ಅಲೆಯುತ್ತಿತ್ತು. ಆ ನೀರಿನಲ್ಲಿ ಯಾರೋ ಒಬ್ಬ ಮುದುಕ ಕೈ ನೋಡಿಕೊಳ್ಳುತ್ತಾ ನಿಂತಂತೆ ಕಾಣುತ್ತಿತ್ತು, ಹತ್ತಿರ ಹೋದರೆ ಜಾಲಿಗಿಡ. ಪೆಡಲ್ ತುಳಿಯುವಾಗಲೆಲ್ಲ ಅಣ್ಣ ತಮ್ಮನ ಕಥೆಯನ್ನು ನಾನೇ ಮುಂದುವರಿಸುತ್ತಿದ್ದೆ. ಹಿರಿಯೂರಿನಲ್ಲಿ ಒಂದು ಹುಣಸೆಮರದ ಕೆಳಗೆ ಅಣ್ಣ, "ನಾನೂ ಒಬ್ಬನೇ ಉಂಡೆನಲ್ಲ" ಅಂದ. ಅದರಲ್ಲಿ ತನ್ನ ಮೇಲಿನ ಕನಿಕರವೇ ಹೆಚ್ಚಾಯಿತು ಅನಿಸಿತು. ಹೊಸದುರ್ಗದಲ್ಲಿ ವೇದಾವತಿಯ ಮರಳಿನ ಮೇಲೆ ಅಡ್ಡಾದಾಗ, "ನಾನು ಸತ್ತ ಮೇಲೆ ಹೇಳಬೇಕು ಅಂದುಕೊಂಡಿದ್ದೆ" ಅಂದ. ಅದಂತೂ ಹಸಿ ಸುಳ್ಳು. ಒಂದು ಉತ್ತರವೂ ಆ ತಮ್ಮನ ಮುಖದ ಮುಂದೆ ನಿಲ್ಲುತ್ತಿರಲಿಲ್ಲ. ನಾನು ಹೇಳಿದ ತಮಾಷೆಯನ್ನು ನೆನೆಸಿಕೊಂಡರೆ ನಾಲಿಗೆ ಕಚ್ಚಿಕೊಳ್ಳುವಂತಾಗುತ್ತಿತ್ತು.

ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ಹೊಳಲ್ಕೆರೆಯ ದರ್ಜಿಯೊಬ್ಬ ಕರೆದನೆಂದು ಹೋಗಲೇಬೇಕಾಯಿತು. ಸಂತೆಯಲ್ಲಿ ಹಿಂದಿನಿಂದ ಯಾರೋ ಕೂಗಿದರು. ಮೈಲಾರಜ್ಜನ ಸೊಸೆ ಗಂಗಮ್ಮ.

"ಏನ್ ಸಾಬ್ರೆ, ನಮ್ ಕಡೆ ತಲೇನೇ ಹಾಕ್ಲಿಲ್ಲ? ಅಪ್ಪಾಜಿ ಹೆಂಗವ್ರೆ?"

"ಅವ್ರೆ ಅಕ್ಕ. ಅಜ್ಜ ಹೆಂಗವ್ನೆ?" ಅಂತ ಕೇಳಿದೆ. ಕೇಳಬಾರದು ಅಂದುಕೊಂಡೇ ಕೇಳಿದೆ.

ಗಂಗಮ್ಮ ಕೈಚೀಲ ಕೆಳಗಿಟ್ಟಳು. "ಏನ್ ಹೇಳಾನ. ಇಡೀ ದಿನ ಕೈ ನೋಡ್ಕಂತ ಕುಂತಿರ್ತಾನೆ. ನೀರಿನ ಚೊಂಬು ಎತ್ತೋಕೂ ನನ್ನ ಕರೀತಾನೆ, ಬೀಳಿಸಿಬಿಡ್ತೀನಿ ಅಂತ. ಮೊಮ್ಮಗು ಹುಟ್ಟಿ ಮೂರು ತಿಂಗಳಾತು, ಒಂದು ಸಲಾನೂ ಎತ್ಕಂಡಿಲ್ಲ. ನನ್ನ ಕೈ ನಂಬಬ್ಯಾಡ್ರಿ ಅಂತಾನೆ. ಕೈಗೆ ಏನೂ ಆಗಿಲ್ಲ ಸಾಬ್ರೆ, ನಾನು ದಿನಾ ನೋಡ್ತೀನಲ್ಲ. ಸಾಬ್ರ ಹುಡುಗ ಬರ್ಲಿಲ್ಲ ಅಂತ ನಿನ್ನೂ ಕೇಳ್ತಿರ್ತಾನೆ."

ನಾನು ಅಲ್ಲಿಯವರೆಗೆ ಅಂದುಕೊಂಡಿದ್ದು, ಅಜ್ಜನಿಂದ ಕತ್ತರಿ ಒಂದೇ ಹೋಯಿತು ಅಂತ. ಅವನಿಗೆ ತನ್ನ ಕೈಗಳೇ ಬೇರೆಯವರವಾಗಿವೆ ಅಂತ ನನಗೆ ಗೊತ್ತಿರಲಿಲ್ಲ. ಸಂತೆಯ ನಡುವೆ ನಿಂತು ನನಗೆ ಅಳು ಬಂತು. ಗಂಗಮ್ಮನ ಮುಂದೆ ಅಳುವುದಕ್ಕೂ ಯೋಗ್ಯತೆ ಇಲ್ಲ ಅನಿಸಿ, ಬಸ್ಸಿಗೆ ಹೊತ್ತಾಯಿತು ಅಂದುಬಿಟ್ಟೆ. ಸೈಕಲ್ ಹಿಡಿದುಕೊಂಡು ಹಾಗಂದೆ! ಅವಳು ಪಾಪ ತಲೆಯಾಡಿಸಿ ಹೋದಳು.

ಮನೆಗೆ ಬಂದು ಅಬ್ಬಾಗೆ ಎಲ್ಲ ಹೇಳಿದೆ. ಅವರು ಮಂಚದ ಮೇಲೆ ದಿಂಬಿಗೊರಗಿ ಕೂತು ಕೇಳಿದರು. ಬೈಯುತ್ತಾರೆ ಅಂದುಕೊಂಡಿದ್ದೆ, ಬೈದಿದ್ದರೆ ಹಗುರಾಗುತ್ತಿತ್ತು. "ಕಲ್ಲಿನ ಸದ್ದು ಬೇರೆಯಾಗಿದ್ದು ಕೇಳಿಸಿತಾ?" ಅಂತ ಮಾತ್ರ ಕೇಳಿದರು. ಕೇಳಿಸಿತು ಅಂದೆ. ಬಹಳ ಹೊತ್ತು ಕೆಮ್ಮಿದರು.

"ಹೇಳಿದರೆ ಆ ಹಟ್ಟಿ ನಮ್ಮ ಕೈ ಬಿಡುತ್ತದೆ, ಅಬ್ಬಾ" ಅಂದೆ.

"ಹೇಳದಿದ್ದರೆ ನೀನಂತೂ ಅಲ್ಲಿಗೆ ಹೋಗುವುದಿಲ್ಲ. ಈಗಾಗಲೇ ಹೋಗಿಲ್ಲ. ಹಟ್ಟಿ ಎರಡೂ ಕಡೆಯಿಂದ ಹೋಯಿತು ಅಂತ ಇಟ್ಟುಕೋ. ಇನ್ನು ಉಳಿದಿರುವುದು ಆ ಮುದುಕ" ಅಂದರು.

ಮಾರನೆಯ ದಿನ ಹೋದೆ. ಅಜ್ಜ ಗುಡಿಸಲಿನ ಮುಂದೆ ಕೂತಿದ್ದ. ಮೋಡ ಕವಿದು ಹಟ್ಟಿಯೆಲ್ಲ ಬೂದಿ ಬಣ್ಣಕ್ಕೆ ತಿರುಗಿತ್ತು. ನನ್ನನ್ನು ಕಂಡು ಅವನ ಮುಖ ಅರಳಿತು. "ಲೇ ಬಾಷಾ! ಬಾ ಬಾ, ಕುಂತ್ಕ" ಅಂದ. ಅದೊಂದು ಅರಳಿದ ಮುಖವನ್ನು ದಾಟುವುದೇ ಕಷ್ಟವಾಯಿತು.

"ಅಜ್ಜ, ನಿನ್ನ ಕೈ ತಪ್ಪಿರ್ಲಿಲ್ಲ. ಕತ್ತರಿ ಒಳಮೈಗೆ ನಾನು ಕಲ್ಲು ತಾಗಿಸಿದ್ದೆ. ಆಮೇಲೆ ಮರದ ಹಿಂದೆ ಹೋಗಿ ಸರಿ ಮಾಡಿದೆ" ಅಂದೆ.

ಅಜ್ಜನಿಗೆ ಮೊದಲು ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳಿಸಿದ. ಆಮೇಲೆ ಎದ್ದು ನಿಂತ. ಕಥೆಗಳಲ್ಲಿ ಎಲ್ಲರನ್ನೂ ಕ್ಷಮಿಸುತ್ತಿದ್ದ ಮನುಷ್ಯ, ನನ್ನನ್ನೂ ತಬ್ಬಿಕೊಂಡುಬಿಡುತ್ತಾನೆ ಅಂತ ಒಳಗೊಳಗೇ ಲೆಕ್ಕ ಹಾಕಿಕೊಂಡು ಬಂದಿದ್ದೆ.

"ಐದ್ ತಿಂಗಳು ಕಣೋ. ಐದ್ ತಿಂಗಳು ನನ್ನ ಕೈಯ ನಾನೇ ನಂಬ್ಲಿಲ್ಲ. ಕೂಸು ಎತ್ಕಳ್ಲಿಲ್ಲ ನಾನು. ಈಗ್ ಬಂದು ಹೇಳ್ತೀಯ? ಎದ್ದೋಗು ಇಲ್ಲಿಂದ!"

ಎದ್ದೆ, ಆದರೆ ಹೋಗಲಿಲ್ಲ. ಅಂಗಳದಾಚೆ ಕಲ್ಲಿನ ಮೇಲೆ ಕೂತೆ. ಮಳೆ ಬಂತು, ನೆನೆದೆ, ಮಳೆ ನಿಂತಿತು. ಒಳಗೆ ಗಂಗಮ್ಮ ಏನೋ ಮೆಲ್ಲಗೆ ಹೇಳುತ್ತಿದ್ದಳು. ಹೊತ್ತು ಇಳಿಯುವ ವೇಳೆಗೆ ಅಜ್ಜ ಬಾಗಿಲಿಗೆ ಬಂದ. ಅವನ ತೋಳಿನಲ್ಲಿ ಮಗು ಇತ್ತು. ಹೆದರಿಕೊಂಡೇ ಹಿಡಿದಿದ್ದ, ಆದರೂ ಹಿಡಿದಿದ್ದ.

"ನಂಗೊಬ್ಬಂಗೆ ಹೇಳಿದ್ರೆ ಏನಾತು?" ಅಂದ, ನನ್ನ ಮುಖ ನೋಡದೆ. "ನೆತ್ರು ನೋಡ್ದೋರು ಅಷ್ಟೂ ಜನ ಅವ್ರೆ. ಉಣ್ಣೆ ತೆಗೆಯೋ ದಿನ ಬಾ. ಅವರ ಮುಂದೆ ಹೇಳು."

ಆಷಾಢದ ಆ ಬೆಳಗ್ಗೆ ಬೇವಿನ ಮರದ ಕೆಳಗೆ ಕರಿ ಕಂಬಳಿ ಹಾಸಿದ್ದರು. ಅದರ ಮೇಲೆ ಕೂತವರು ಸುಳ್ಳು ಹೇಳುವಂತಿಲ್ಲ. ನಾನು ಚಪ್ಪಲಿ ಬಿಟ್ಟು ಕಂಬಳಿಯ ತುದಿಯಲ್ಲಿ ಕೂತು ಹೇಳಿದೆ. ಸದ್ದು ಕೇಳಿಸಿತ್ತು ಅನ್ನುವುದನ್ನೂ ಹೇಳಿದೆ, ಉಣ್ಣೆ ಕತ್ತರಿಸಿ ತೋರಿಸಿದ್ದನ್ನೂ ಹೇಳಿದೆ. ದ್ಯಾಮಣ್ಣನ ಮುಖ ಕೆಂಪಾಯಿತು. "ನಿಮ್ಮ ತಾತ ಕೂತ ಜಾಗದಾಗೆ ಕುಂತು ನನ್ನ ಕಣ್ಣಿಗೇ ಮಣ್ಣೆರಚಿದೆಯಲ್ಲೋ" ಅಂದ. ಮುಂದಿನ ಸಲದಿಂದ ಬೇರೆಯವರನ್ನು ಕರೆಯೋಣ, ಇಲ್ಲವೇ ಮಿಷಿನ್ನೇ ತರೋಣ ಅಂತ ಇಬ್ಬರು ಮೂವರು ಅಂದರು. ಅವರು ಅಂದದ್ದರಲ್ಲಿ ತಪ್ಪೇನೂ ಇರಲಿಲ್ಲ.

ಅಜ್ಜ ಕೈಯೆತ್ತಿದ. "ಅದಿರ್ಲಿ. ನನ್ನ ಕತ್ತರಿ ನಂಗೆ ಕೊಡ್ರಿ."

ಕೊಟ್ಟರು. ಅವನು ಅದನ್ನು ನನ್ನ ಕಡೆ ಚಾಚಿದ. "ಹಿಡಿ ಸಾಣೆ" ಅಂದ.

ಅಷ್ಟು ಜನರ ಕಣ್ಣ ಮುಂದೆ ಪೆಡಲ್ ತುಳಿದೆ. ಕಲ್ಲಿನ ಸದ್ದು ಬಿಟ್ಟು ಬೇರೇನೂ ಕೇಳದ ಹಾಗೆ ತುಳಿದೆ. ಮೂರು ಸಲ ಆಕಾಶಕ್ಕೆ ಹಿಡಿದು ನೋಡಿ ಕೊಟ್ಟೆ. ದೇವರ ಟಗರನ್ನು ತಂದು ಮಲಗಿಸಿದರು. ಅಜ್ಜ ಕೂತ. ಮೊದಲ ಎಳೆ, ಎರಡನೆಯದು, ಮೂರನೆಯದು. ಉಣ್ಣೆ ಮೋಡದ ಹಾಗೆ ಅವನ ಮೊಣಕಾಲಿನ ಸುತ್ತ ರಾಶಿ ಬೀಳುತ್ತಾ ಹೋಯಿತು. ಗಂಗಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅರ್ಧ ಮೈ ಆಗಿತ್ತು. ಹೊಟ್ಟೆಯ ಹತ್ತಿರ ಬಂದಾಗ ಕತ್ತರಿ ಸಣ್ಣಗೆ ತಡೆಯಿತು. ಟಗರು ಬೆಚ್ಚಿ ಕಾಲು ಝಾಡಿಸಿತು. ಅಜ್ಜ ಕೂಡಲೇ ಕೈ ಹಿಂದಕ್ಕೆ ತೆಗೆದ. ನೆತ್ತರು ಬಂದಿರಲಿಲ್ಲ, ಚರ್ಮದ ಮೇಲೆ ಕೆಂಪನೆ ಗೆರೆ ಮೂಡಿತ್ತು ಅಷ್ಟೆ.

ಎಲ್ಲರ ತಲೆಯೂ ನನ್ನ ಕಡೆ ತಿರುಗಿತು. ದ್ಯಾಮಣ್ಣ ಎದ್ದೇ ನಿಂತ. ನಾನು ಕಣ್ಣು ಮುಚ್ಚಿಕೊಂಡೆ. ಮತ್ತೆ ತಪ್ಪಿದೆಯಾ ಅಂತ ನನಗೇ ನನ್ನ ಮೇಲೆ ನಂಬಿಕೆ ಇರಲಿಲ್ಲ. ಆ ಹೊತ್ತಿಗೆ ಅಜ್ಜ ಕತ್ತರಿಯ ಕಡೆ ಒಂದು ಬೆರಳು ತೋರಿಸಿದ್ದರೆ ಸಾಕಿತ್ತು. ಇಡೀ ಹಟ್ಟಿ ನಂಬುತ್ತಿತ್ತು, ನಾನೂ ನಂಬುತ್ತಿದ್ದೆ, ಅವನು ಸಾಯುವ ತನಕ ಹಿರಿಯ ಕತ್ತರಿಗಾರನಾಗಿಯೇ ಇರುತ್ತಿದ್ದ.

ಅಜ್ಜ ಕತ್ತರಿಯನ್ನು ತೆರೆದು ಬೆಳಕಿಗೆ ಹಿಡಿದ. ನಿಧಾನವಾಗಿ ಮುಚ್ಚಿದ. ಮತ್ತೆ ತೆರೆದ.

"ಕತ್ತರಿ ಚೆನ್ನಾಗೈತೆ" ಅಂದ, ಎಲ್ಲರಿಗೂ ಕೇಳುವ ಹಾಗೆ. "ಈಗ ನನ್ನ ಕೈ ಸೋತೈತೆ. ಅವತ್ತು ಬಿಡಿಸಿದ್ರಿ, ಇವತ್ತು ನಾನೇ ಬಿಟ್ಟೆ. ತಗ ದ್ಯಾಮಣ್ಣ, ಇನ್ನ ಹಿರಿಯ ಕತ್ತರಿಗಾರ ನೀನೇ, ಉಳಿದಿದ್ದು ನೀನು ತೆಗಿ."

ದ್ಯಾಮಣ್ಣ ಬಂದು ಕತ್ತರಿ ತೆಗೆದುಕೊಂಡು ಅವನ ಜಾಗದಲ್ಲಿ ಕೂತ. ಅಜ್ಜ ಮೊಣಕಾಲಿಗೆ ಕೈಯೂರಿ ಎದ್ದು, ಮೈಮೇಲಿನ ಉಣ್ಣೆ ಕೊಡವಿಕೊಂಡ. ನಾನು ಇನ್ನೂ ಸೈಕಲ್ಲಿನ ಪಕ್ಕದಲ್ಲೇ ನಿಂತಿದ್ದೆ.

"ಏನ್ ನೋಡ್ತೀಯಲೇ ಬಾಷಾ?" ಅಂದ ಅಜ್ಜ. "ದ್ಯಾಮಣ್ಣ ಒಬ್ನೇ ಎಷ್ಟ್ ಮಾಡ್ತಾನೆ? ಟಗರಿನ ತಲೆ ಹಿಡ್ಕಾ ಬಾ."

ದೇವರ ಟಗರನ್ನು ಹೊರಗಿನವರು ಮುಟ್ಟಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಹೋಗಿ, ಮಂಡಿಯೂರಿ, ಎರಡೂ ಕೈಯಿಂದ ಹಿಡಿದುಕೊಂಡೆ.